ಆಕಾಶವಾಣಿ: ಒಂದು ಪದದ ಅರ್ಥವೂ ಸಂಚಾರವೂ

೧

ಹೈದರಾಬಾದಿನ ಪಶ್ಚಿಮದಂಚಿನ ಮಣಿಕೊಂಡದಲ್ಲಿ ಬೆಳಗಿನ ಹೊತ್ತು ರೇಡಿಯೋ ಹಾಕಿದರೆ ‘ಆಕಾಶವಾಣಿ, ಹೈದರಾಬಾದ್ ಕೇಂದ್ರಂ’ ಎಂಬ ತೆಲುಗು ಘೋಷಣೆ ಕಿವಿಗೆ ಬೀಳುತ್ತದೆ. ಕೊನೆಯ ಅನುಸ್ವಾರವೊಂದನ್ನು ಕಳೆದರೆ ಅದೇ ಕನ್ನಡದ ಘೋಷಣೆಯೂ ಆಗುತ್ತದೆ. ಅಲ್ಲಿ ಬಂದು ನೆಲಸಿದ ಕನ್ನಡಿಗನಿಗೆ ಈ ಮಾತಿನಲ್ಲಿ ತವರಿನ ಗುರುತು ಸಿಕ್ಕಂತಾಗುವುದು ಸಹಜ. ‘ಈ ಹೆಸರು ಮೈಸೂರಿನದು, ಕನ್ನಡಿಗರು ಭಾರತಕ್ಕೆ ಕೊಟ್ಟ ಪದ’ ಎಂದು ಅವನು ಅಭಿಮಾನದಿಂದ ಹೇಳಬಹುದು. ಪಕ್ಕದ ಮನೆಯ ತೆಲುಗು ವಿದ್ವಾಂಸರು ಅದನ್ನೊಪ್ಪದೆ, ‘ಈ ಹೆಸರನ್ನಿಟ್ಟವರು ಮಹಾಪಂಡಿತರಾದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು’ ಎಂದು ಉತ್ತರ ಕೊಡಬಹುದು. ಮೇಲಂತಸ್ತಿನಲ್ಲಿರುವ ಮರಾಠಿ ಗೃಹಸ್ಥರು ತಮ್ಮಲ್ಲಿ ‘ನಭೋವಾಣಿ’ ಎಂಬ ಇನ್ನೂ ಸುಂದರವಾದ ಪದವುಂಟೆಂದು ನೆನಪಿಸಬಹುದು. ತಮಿಳರಾದರೋ ‘ವಾನೊಲಿ’ ಇರುವಾಗ ಈ ಸಂಸ್ಕೃತದ ಹೊರೆ ಏಕೆಂದು ಕೇಳಿಯಾರು.

ಪದ ಯಾರದು ಎಂಬ ಈ ವಾದ ಮೇಲುನೋಟಕ್ಕೆ ಕಾಲಹರಣದ ಮಾತಾಗಿ ತೋರುವುದುಂಟು. ಆದರೆ ಹೊರನಾಡಿನಲ್ಲಿರುವವರಿಗೆ ಇದು ಅಷ್ಟು ಹಗುರವಾದ ಪ್ರಶ್ನೆಯಲ್ಲ. ತಮ್ಮ ನುಡಿಯಿಂದ ನೆರೆಯವರಿಗೆ ಏನು ಸಂದಿದೆ, ನೆರೆಯವರಿಂದ ತಮಗೆ ಏನು ಬಂದಿದೆ ಎಂಬ ಲೆಕ್ಕ ಅವರ ಬಾಳಿನ ಲೆಕ್ಕವೂ ಆಗಿರುತ್ತದೆ. ಆ ಲೆಕ್ಕವನ್ನು ಅಭಿಮಾನದಿಂದ ಬರೆದರೆ ಒಂದು ಮೊತ್ತ ಬರುತ್ತದೆ. ಶಬ್ದಾರ್ಥವನ್ನು ಪರಿಶೀಲಿಸಿ ಬರೆದರೆ ಬೇರೊಂದು ಮೊತ್ತ ಬರುತ್ತದೆ. ಆದುದರಿಂದ ‘ಆಕಾಶವಾಣಿ’ ಎಂಬ ಪದ ಎಲ್ಲಿ ಹುಟ್ಟಿತು, ಅದರ ಒಳಗೆ ಯಾವ ಅರ್ಥಗಳು ಅಡಗಿವೆ, ಭಾಷೆಯಿಂದ ಭಾಷೆಗೆ ದಾಟುವಾಗ ಅದು ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ಕ್ರಮವಾಗಿ ನೋಡುವುದು ಅವಶ್ಯಕ.

೨

ಮೊದಲು ಹುಟ್ಟಿನ ವಿಷಯ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲಿ ೩೦ ವ್ಯಾಟಿನ ಒಂದು ಸಣ್ಣ ಪ್ರೇಷಕಯಂತ್ರವನ್ನು ಸ್ಥಾಪಿಸಿ ಪ್ರಸಾರವನ್ನು ಆರಂಭಿಸಿದರು. ಸರ್ಕಾರದ ಆಜ್ಞೆಯಿಂದ ಹುಟ್ಟಿದ ಸಂಸ್ಥೆಯಲ್ಲ ಅದು. ಒಬ್ಬ ಅಧ್ಯಾಪಕನ ಕುತೂಹಲದಿಂದಲೂ ಕೈಹಣದಿಂದಲೂ ಊರಿನವರ ನೆರವಿನಿಂದಲೂ ನಡೆದದ್ದು. ಆ ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ೧೯೪೦ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ೧೯೫೦ರ ಏಪ್ರಿಲ್ ೧ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು. ಅನಂತರ ಆರೇಳು ವರ್ಷಗಳೊಳಗೆ, ೧೯೫೬-೫೭ರ ಸುಮಾರಿನಲ್ಲಿ, ಮೈಸೂರಿನ ಆ ಹೆಸರನ್ನೇ ಇಡೀ ದೇಶದ ಪ್ರಸಾರಸಂಸ್ಥೆ ತನ್ನ ಭಾರತೀಯ ನಾಮಧೇಯವಾಗಿ ಸ್ವೀಕರಿಸಿತು. ಹೊಳೆ ಸಮುದ್ರಕ್ಕೆ ಸೇರಿದ ಮೇಲೆ ಸಮುದ್ರವೇ ಹೊಳೆಯ ಹೆಸರನ್ನು ಧರಿಸಿದ ವಿಚಿತ್ರ ಪ್ರಸಂಗವಿದು.

ಹೆಸರನ್ನು ಸೂಚಿಸಿದವರು ಯಾರೆಂಬ ವಿಚಾರದಲ್ಲಿ ಮಾತುಗಳು ಹಲವಿವೆ. ಗೋಪಾಲಸ್ವಾಮಿಯವರೇ ಎಂಬುದು ಸಾಮಾನ್ಯವಾಗಿ ಪ್ರಚಾರದಲ್ಲಿರುವ ಮಾತು. ಆ ನಿಲಯದ ಕೆಲಸದಲ್ಲಿ ಪಾಲ್ಗೊಂಡಿದ್ದ ಹಾಸ್ಯಸಾಹಿತಿ ನಾ. ಕಸ್ತೂರಿಯವರದೆಂಬುದು ಕನ್ನಡ ಸಾಹಿತ್ಯವಲಯದಲ್ಲಿ ಬೆಳೆದುಬಂದ ಪ್ರತೀತಿ. ಅದೇ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ತೆಲುಗನ್ನು ಬೋಧಿಸಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರದೆಂಬುದು ತೆಲುಗರಲ್ಲಿ ಪ್ರಚಲಿತವಾದ ನಂಬಿಕೆ. ಈ ಮೂರರಲ್ಲಿ ಒಂದನ್ನು ಆರಿಸಿ ಉಳಿದೆರಡನ್ನು ತಳ್ಳಿಹಾಕುವುದಕ್ಕೆ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ಕಸ್ತೂರಿಯವರು ಹುಟ್ಟಿದ್ದು ಕೇರಳದ ತ್ರಿಪ್ಪೂಣಿತ್ತುರದಲ್ಲಿ. ಅವರ ಮನೆಮಾತು ಮಲೆಯಾಳ. ಕನ್ನಡವನ್ನು ಮೈಸೂರಿಗೆ ಬಂದ ಮೇಲೆ ಕಲಿತು, ಕನ್ನಡಿಗರನ್ನೇ ನಗಿಸುವಷ್ಟು ಅದರಲ್ಲಿ ನುರಿತರು. ಶರ್ಮರು ಅನಂತಪುರದ ಸೀಮೆಯವರು. ತೆಲುಗಿನ ವಿದ್ವತ್ತನ್ನೂ ಸಂಗೀತಶಾಸ್ತ್ರವನ್ನೂ ಮೈಸೂರಿನಲ್ಲಿದ್ದುಕೊಂಡೇ ಬೆಳಗಿದವರು. ಅಂದ ಮೇಲೆ, ಈ ವಾದದಲ್ಲಿ ಯಾರು ಗೆದ್ದರೂ ಗೆದ್ದದ್ದು ಒಂದು ಭಾಷೆಯಲ್ಲ. ಬೇರೆಬೇರೆ ನುಡಿಗಳವರು ಒಂದೇ ವಿದ್ಯಾಶಾಲೆಯ ಅಂಗಳದಲ್ಲಿ ಕೂಡಿ ಬಾಳಿದ ಕಾಲದ ಫಲ ಆ ಪದ. ಹೊರನಾಡಿಗನೊಬ್ಬ ಅದನ್ನು ಕೊಟ್ಟಿದ್ದರೂ ಇರಬಹುದೆಂಬುದು ಇಂದಿನ ಹೊರನಾಡ ಕನ್ನಡಿಗರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕ ವಿಷಯ.

ಇನ್ನೊಂದು ಎಚ್ಚರಿಕೆಯೂ ಬೇಕು. ‘ಆಕಾಶವಾಣಿ’ ಎಂಬ ಶಬ್ದವನ್ನು ಮೈಸೂರು ಸೃಷ್ಟಿಸಲಿಲ್ಲ. ಅದು ಪುರಾಣಗಳ ಕಾಲದಿಂದ ಎಲ್ಲ ಭಾರತೀಯ ಭಾಷೆಗಳಲ್ಲಿ ಇದ್ದ ಮಾತು. ೧೯೩೮ರಲ್ಲಿ ರವೀಂದ್ರನಾಥ ಠಾಕೂರರು ಕಲ್ಕತ್ತೆಯ ಬಾನುಲಿಯ ಸಂಬಂಧದಲ್ಲಿ ಅದೇ ಶಬ್ದವನ್ನು ಬಳಸಿದ್ದರಿಂದ, ಹೆಸರಿನ ಕೀರ್ತಿ ಅವರಿಗೂ ಸಲ್ಲಬೇಕೆನ್ನುವವರು ಬಂಗಾಳದಲ್ಲಿದ್ದಾರೆ. ಮೈಸೂರಿನ ಪ್ರಯೋಗ ಅದಕ್ಕಿಂತ ಹಿಂದಿನದೆಂಬುದು ನಿಜ. ಆದರೂ ಮೈಸೂರಿನ ಕೊಡುಗೆಯನ್ನು ಸರಿಯಾದ ಮಾತಿನಲ್ಲಿ ಹೇಳುವುದಾದರೆ, ಅದು ಶಬ್ದವಲ್ಲ, ಶಬ್ದದ ಅನ್ವಯ. ಹಳೆಯ ದೇವಾಲಯದ ಗಂಟೆಯನ್ನು ತಂದು ಹೊಸ ಪಾಠಶಾಲೆಯ ಬಾಗಿಲಿಗೆ ಕಟ್ಟಿದಂತೆ, ಪುರಾಣದ ಪದವನ್ನು ತಂದು ಯಂತ್ರಕ್ಕೆ ಕಟ್ಟಿದ ಕೈ ಮೈಸೂರಿನದು. ಗಂಟೆಯ ಹಳೆಯ ನಾದ ಹೊಸ ಬಾಗಿಲಲ್ಲಿಯೂ ಕೇಳಿಸದೆ ಇರುವುದಿಲ್ಲ. ಆ ನಾದ ಯಾವುದೆಂಬುದೇ ಮುಂದಿನ ಪ್ರಶ್ನೆ.

೩

‘ಆಕಾಶ’ವೆಂದರೆ ಇಂದಿನ ಬಳಕೆಯಲ್ಲಿ ಬಾನು, ಗಗನ. ಶಾಸ್ತ್ರದಲ್ಲಿ ಅದಕ್ಕೆ ಬೇರೊಂದು ಅರ್ಥವುಂಟು. ನ್ಯಾಯವೈಶೇಷಿಕರು ಪಂಚಭೂತಗಳಿಗೆ ಒಂದೊಂದು ವಿಶೇಷಗುಣವನ್ನು ಹೇಳುವಾಗ ಪೃಥಿವಿಗೆ ಗಂಧವನ್ನೂ ಆಕಾಶಕ್ಕೆ ಶಬ್ದವನ್ನೂ ಹೇಳುತ್ತಾರೆ. ಅವರ ಮತದಲ್ಲಿ ಶಬ್ದಕ್ಕೆ ಆಶ್ರಯವಾದದ್ದು ಗಾಳಿಯಲ್ಲ. ಎಲ್ಲೆಲ್ಲಿಯೂ ವ್ಯಾಪಿಸಿ ಕಣ್ಣಿಗೆ ಕಾಣದೆ ಇರುವ ಆಕಾಶವೆಂಬ ದ್ರವ್ಯ. ಪಾಶ್ಚಾತ್ಯ ವಿಜ್ಞಾನಿಗಳು ಬೆಳಕಿನ ಮತ್ತು ವಿದ್ಯುತ್ತಿನ ಅಲೆಗಳಿಗೆ ಆಶ್ರಯವಾಗಿ ‘ಈಥರ್’ ಎಂಬುದನ್ನು ಕಲ್ಪಿಸಿಕೊಂಡಿದ್ದರು. ೧೮೮೭ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿಯವರು ನಡೆಸಿದ ಪ್ರಯೋಗ ಆ ಕಲ್ಪನೆಯನ್ನು ಅಲುಗಿಸಿತು. ವಿಜ್ಞಾನ ಅದನ್ನು ಕೈಬಿಟ್ಟ ಮೇಲೆಯೂ ಇಂಗ್ಲಿಷ್ ಬಾನುಲಿಯ ಮಾತುಕತೆಯಲ್ಲಿ ‘ಈಥರ್’ ಬಹುಕಾಲ ಉಳಿದಿತ್ತು. ಈ ದೃಷ್ಟಿಯಿಂದ ‘ಆಕಾಶವಾಣಿ’ ಶಾಸ್ತ್ರಸಮ್ಮತವಾದ ಅಂದವಾದ ಪದ. ೧೯೩೬ರಲ್ಲಿ ಲಯೊನೆಲ್ ಫೀಲ್ಡನ್ನರ ಕಾಲದಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದಾಗ ಅದರ ಮೂರು ಮೊದಲಕ್ಷರಗಳು ಕೂಡಿ ಇಂಗ್ಲಿಷಿನಲ್ಲಿ ‘ಗಾಳಿ’ ಎಂಬ ಅರ್ಥದ ಮಾತಾದುವು. ಇಂಗ್ಲಿಷ್ ಹೆಸರು ವಾಯುವನ್ನು ಹಿಡಿಯಿತು. ಮೈಸೂರಿನ ಹೆಸರು ಅದಕ್ಕಿಂತ ಸೂಕ್ಷ್ಮವಾದ ಭೂತವನ್ನು ಹಿಡಿದಿತ್ತು.

ಆದರೆ ಶಾಸ್ತ್ರದ ಅರ್ಥ ಪಂಡಿತರದು. ಜನರ ಕಿವಿಯಲ್ಲಿ ಕೆಲಸ ಮಾಡುವುದು ಪುರಾಣದ ಅರ್ಥ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ಕಂಸನಿಗೆ ಅವಳ ಎಂಟನೆಯ ಮಗುವಿನಿಂದ ಮರಣವೆಂದು ಸಾರಿದ್ದು ಅಶರೀರವಾಣಿ. ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಅಜ್ಜಿಯ ಕಥೆಯಲ್ಲಿ ಈ ವಾಣಿ ಕೇಳಿಬಂದಾಗಲೆಲ್ಲ ಅದಕ್ಕೆ ಮೂರು ಲಕ್ಷಣಗಳಿರುತ್ತವೆ. ನುಡಿದವರು ಯಾರೆಂದು ಕಾಣುವುದಿಲ್ಲ. ನುಡಿ ಸುಳ್ಳಾಗುವುದಿಲ್ಲ. ಕೇಳಿದವನು ಎದುರುಮಾತನಾಡುವಂತಿಲ್ಲ, ಕಂಸ ಕತ್ತಿಯನ್ನು ಎಳೆದದ್ದು ತಂಗಿಯ ಮೇಲೆಯೇ ಹೊರತು ವಾಣಿಯ ಮೇಲೆ ಅಲ್ಲ. ಬಾನುಲಿಗೆ ಈ ಹೆಸರನ್ನಿಟ್ಟಾಗ ಈ ಮೂರು ಲಕ್ಷಣಗಳೂ ಅದಕ್ಕೆ ಅಂಟಿಕೊಂಡು ಬಂದುವು. ಮೂವತ್ತು ವ್ಯಾಟಿನ ನಿಲಯ ಮೈಸೂರಿನ ಒಂದು ಬೀದಿಯಿಂದ ನುಡಿಯುತ್ತಿದ್ದಾಗ ಅವು ಕೇವಲ ಅಲಂಕಾರವಾಗಿದ್ದುವು; ನುಡಿಯುವವರ ಮನೆ ಯಾವುದೆಂದು ಕೇಳುವವರಿಗೆ ತಿಳಿದಿತ್ತು. ಮನೆಯ ಮಗುವಿಗೆ ‘ಚಕ್ರವರ್ತಿ’ ಎಂದು ಹೆಸರಿಟ್ಟಂತೆ ಅಲ್ಲಿ ದೊಡ್ಡ ಮಾತಿಗೆ ಒಂದು ವಿನೋದದ ಸೊಗಸೂ ಇತ್ತು. ಅದೇ ಹೆಸರು ದೆಹಲಿಯಿಂದ, ಸರ್ಕಾರದ ಇಲಾಖೆಯೊಂದರ ಹೆಸರಾಗಿ ಕೇಳಿಬಂದಾಗ ವಿನೋದ ಮಾಯವಾಗಿ ಪುರಾಣಾರ್ಥ ನಿಜವಾಗತೊಡಗಿತು. ಕಾಣದ ಬಾಯಿ, ಅಧಿಕೃತವಾದ ನುಡಿ, ಎದುರುತ್ತರವಿಲ್ಲದ ಕೇಳುವಿಕೆ! ಶಬ್ದ ಒಂದೇ; ನುಡಿಯುವ ಸ್ಥಾನ ಬದಲಾದುದರಿಂದ ಅರ್ಥ ಬದಲಾಯಿತು.

ಸಂಸ್ಕೃತದ ಭಂಡಾರದಲ್ಲಿಯೇ ಇದಕ್ಕೆ ಸಮೀಪವಾದ ಇನ್ನೊಂದು ಪದವಿದೆ: ‘ಆಕಾಶಭಾಷಿತ’. ಭಾಣವೆಂಬ ಏಕಪಾತ್ರದ ರೂಪಕದಲ್ಲಿ ನಟನು ಒಬ್ಬನೇ ರಂಗದ ಮೇಲಿದ್ದು, ಆಕಾಶದ ಕಡೆಗೆ ನೋಡಿ, ಇಲ್ಲದ ವ್ಯಕ್ತಿಯೊಡನೆ ಮಾತನಾಡುತ್ತಾನೆ. ಅವರು ಕೊಟ್ಟ ಉತ್ತರವನ್ನು ‘ಏನೆಂದೆ?’ ಎಂದು ತಾನೇ ಕೇಳಿ, ತಾನೇ ಹೇಳಿ, ಮುಂದುವರಿಯುತ್ತಾನೆ. ಬಾನುಲಿಯ ಕೋಣೆಯಲ್ಲಿ ಧ್ವನಿಗ್ರಾಹಕದ ಮುಂದೆ ಒಬ್ಬನೇ ಕುಳಿತು ಕಾಣದ ಶ್ರೋತೃಗಳನ್ನು ಕಲ್ಪಿಸಿಕೊಂಡು ಮಾತನಾಡುವವನ ಸ್ಥಿತಿ ನಿಜವಾಗಿ ಇದು. ಆಕಾಶವಾಣಿಯಲ್ಲಿ ಕಾಣದಿರುವವನು ನುಡಿಯುವವನು. ಆಕಾಶಭಾಷಿತದಲ್ಲಿ ಕಾಣದಿರುವವನು ಕೇಳುವವನು. ಮೊದಲನೆಯದು ಕೇಳುವವನ ಕಡೆಯಿಂದ ಕಂಡ ಹೆಸರು, ಎರಡನೆಯದು ನುಡಿಯುವವನ ಕಡೆಯಿಂದ ಕಾಣಬೇಕಾದ ಸತ್ಯ. ಒಳ್ಳೆಯ ಪ್ರಸಾರಕನಿಗೆ ಎರಡರ ಅರಿವೂ ಇರಬೇಕು.

ಕನ್ನಡನಾಡಿನ ಜಾನಪದದಲ್ಲಿಯೂ ಮೇಲಿನಿಂದ ಬರುವ ವಾಣಿ ಉಂಟು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ!’ ಎಂದು ಕೂಗಿದೊಡನೆ ನೆರೆದ ಜನಸಮುದ್ರ ಮೌನವಾಗುತ್ತದೆ. ಒಂದೇ ಒಂದು ವಾಕ್ಯದ ಕಾರಣಿಕವನ್ನು ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ಇಲ್ಲಿಯವರೆಗೆ ಅದೂ ಅಶರೀರವಾಣಿಯ ಮಾದರಿಯದೇ. ಆದರೆ ಕಾರಣಿಕದ ಜೀವ ಇರುವುದು ಆಮೇಲೆ. ಆ ಒಗಟಿನಂಥ ಮಾತು ಮಳೆಗೆ ಸಂಬಂಧಿಸಿದ್ದೋ ಬೆಳೆಗೋ ರಾಜಕೀಯಕ್ಕೋ ಎಂದು ಊರೂರಿನವರು ಗಾಡಿಯಲ್ಲಿ, ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ಚರ್ಚಿಸುತ್ತಾರೆ. ನುಡಿ ಮೇಲಿನದಾದರೂ ಅರ್ಥ ಕೆಳಗಿನವರದು. ಆಕಾಶವಾಣಿ ಎಂಬ ಹೆಸರು ಪುರಾಣವನ್ನು ನೆನೆದಷ್ಟು ಮೈಲಾರವನ್ನು ನೆನೆದಿದ್ದರೆ, ಕೇಳುವವರ ಹಕ್ಕು ಹೆಸರಿನಲ್ಲಿಯೇ ಉಳಿಯುತ್ತಿತ್ತು.

೪

ಈಗ ನೆರೆನುಡಿಗಳ ಕಡೆಗೆ ತಿರುಗಬಹುದು. ಕನ್ನಡದಲ್ಲಿ ‘ಆಕಾಶವಾಣಿ’ಯ ಜೊತೆಗೆ ‘ಬಾನುಲಿ’ ಎಂಬ ದೇಶ್ಯಪದವೂ ನಿಂತಿದೆ. ತಮಿಳಿನ ‘ವಾನೊಲಿ’ಗೂ ಇದಕ್ಕೂ ಇರುವುದು ಒಡಹುಟ್ಟಿನ ಸಂಬಂಧ. ತಮಿಳಿನ ಪದಾದಿ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ವಿಲ್ ಬಿಲ್ಲಾಗುತ್ತದೆ, ವಾಯ್ ಬಾಯಾಗುತ್ತದೆ, ವೇರ್ ಬೇರಾಗುತ್ತದೆ, ಹಾಗೆಯೇ ವಾನ್ ಬಾನಾಗುತ್ತದೆ. ಮುಂದಿನ ಅಕ್ಷರದಲ್ಲಿ ಇಕಾರ ಬಂದಾಗ ತಮಿಳಿನ ಎಕಾರ ಒಕಾರಗಳು ಕನ್ನಡದಲ್ಲಿ ಇಕಾರ ಉಕಾರಗಳಾಗುವುದೂ ಉಂಟು: ತಮಿಳಿನ ಚೆವಿ ಕನ್ನಡದ ಕಿವಿ, ಪೊಡಿ ಪುಡಿ, ಒಲಿ ಉಲಿ. ಆದುದರಿಂದ ವಾನೊಲಿಯನ್ನು ಧ್ವನಿನಿಯಮದ ದಾರಿಯಲ್ಲಿ ನಡೆಸಿದರೆ ಅದು ಬಾನುಲಿಯ ಮನೆಯನ್ನೇ ಸೇರುತ್ತದೆ. ಯಾರು ಯಾರನ್ನು ನೋಡಿ ಕಟ್ಟಿದರೆಂದು ವಾದಿಸುವ ಅಗತ್ಯವಿಲ್ಲ; ಎರಡಕ್ಕೂ ಬೇಕಾದ ಮರ ಒಂದೇ ಕಾಡಿನದು.

ಬಾನುಲಿ ಇಷ್ಟು ಅಂದವಾದ ಪದವಾಗಿದ್ದರೂ ಅದು ತೆಲುಗಿಗೆ ದಾಟಲಾರದು. ಮಣಿಕೊಂಡದ ತೆಲುಗು ಕಿವಿಗೆ ‘ಬಾನ’ವೆಂದರೆ ದೊಡ್ಡ ಮಡಕೆ, ‘ಉಲಿ’ಯೆಂದರೆ ಕಲ್ಲುಕುಟಿಗನ ಉಳಿ. ತಮಿಳಿನ ರೂಪವನ್ನು ಕೊಟ್ಟರೂ ‘ವಾನ’ವೆಂದರೆ ಅಲ್ಲಿ ಮಳೆ. ಒಂದು ನುಡಿಯಲ್ಲಿ ಬಾನಿನ ದನಿ ಎನಿಸುವ ಮಾತು ಪಕ್ಕದ ನುಡಿಯಲ್ಲಿ ಮಡಕೆಯೂ ಉಳಿಯೂ ಆಗುತ್ತದೆ. ‘ಆಕಾಶವಾಣಿ’ಗೆ ಈ ಅಪಾಯವಿಲ್ಲ. ಅದು ಯಾರ ಮನೆಯ ಮಾತೂ ಅಲ್ಲವಾದುದರಿಂದ ಎಲ್ಲರ ಮನೆಯ ಬಾಗಿಲೂ ಅದಕ್ಕೆ ತೆರೆದಿದೆ. ಇದರಿಂದ ಪದಗಳ ಸಂಚಾರದ ಒಂದು ನಿಯಮ ಹೊರಡುತ್ತದೆ: ಮನೆಯೊಳಗೆ ಮಗುವಿಗೂ ಬಿಡಿಸಿ ತಿಳಿಯುವ ಪದ ಗಡಿಯಲ್ಲಿ ನಿಲ್ಲುತ್ತದೆ, ಗಡಿಯನ್ನು ಸಲೀಸಾಗಿ ದಾಟುವ ಪದ ಮನೆಯೊಳಗೆ ಹಾಗೆ ಬಿಡಿಸಿ ತಿಳಿಯುವುದಿಲ್ಲ. ಒಂದೇ ಪದದಿಂದ ಎರಡು ಕೆಲಸವನ್ನೂ ಮಾಡಿಸಬೇಕೆನ್ನುವುದು ಅವಿವೇಕ. ಎರಡು ಪದಗಳನ್ನೂ ಇಟ್ಟುಕೊಂಡ ಕನ್ನಡ ಈ ವಿಷಯದಲ್ಲಿ ಜಾಣತನವನ್ನೇ ತೋರಿಸಿದೆ.

ಹೈದರಾಬಾದಿನಲ್ಲಿ ಈ ಪ್ರಶ್ನೆಗೆ ಬೇರೊಂದು ಇತಿಹಾಸವೂ ಇದೆ. ನಿಜಾಮರ ರಾಜ್ಯದಲ್ಲಿ ಬಾನುಲಿ ನಿಲಯಕ್ಕೆ ಉರ್ದುವಿನಲ್ಲಿ ‘ನಶ್ರ್‌ಗಾಹೆ ಲಾಸಿಲ್ಕಿ’ ಎಂಬ ಹೆಸರಿತ್ತು. ಅರಬ್ಬೀ ‘ನಶ್ರ್’ ಎಂದರೆ ಹರಡುವುದು, ಬಿಚ್ಚಿ ತೋರಿಸುವುದು, ಪ್ರಕಟಿಸುವುದು. ‘ಗಾಹ್’ ಎಂದರೆ ಸ್ಥಳ. ‘ಸಿಲ್ಕ್’ ಎಂದರೆ ದಾರ ಅಥವಾ ತಂತಿ, ‘ಲಾಸಿಲ್ಕಿ’ ತಂತಿಯಿಲ್ಲದ್ದು. ಕನ್ನಡ ವಿದ್ವಾಂಸರ ‘ನಿಸ್ತಂತು’, ಬಂಗಾಳಿಗರ ‘ಬೇತಾರ್’ ಇವುಗಳ ಅಚ್ಚೂ ಇದೇ. ಬಂಗಾಳದಲ್ಲಿ ಅದು ಎಷ್ಟು ಬೇರೂರಿತೆಂದರೆ, ಕಲ್ಕತ್ತೆಯಲ್ಲಿ ೧೯೨೯ರಲ್ಲಿ ಆರಂಭವಾದ ಬಾನುಲಿ ಪತ್ರಿಕೆಗೆ ‘ಬೇತಾರ್ ಜಗತ್’ ಎಂದೇ ಹೆಸರಾಯಿತು. ಬಾಂಗ್ಲಾದೇಶದ ರಾಷ್ಟ್ರೀಯ ಬಾನುಲಿ ಇಂದಿಗೂ ‘ಬಾಂಗ್ಲಾದೇಶ ಬೇತಾರ್’. ವಸ್ತುವಿನಲ್ಲಿ ಏನಿದೆಯೆಂದು ಹೇಳದೆ ಏನಿಲ್ಲವೆಂದು ಹೇಳುವ ಹೆಸರುಗಳಿವು. ತಂತಿಯ ಕಾಲವನ್ನು ಕಂಡವರಿಗೆ ತಂತಿಯಿಲ್ಲದಿರುವುದೇ ದೊಡ್ಡ ಬೆರಗಾಗಿತ್ತು.

ಪಾರಿಭಾಷಿಕ ಪದಗಳನ್ನು ಕಟ್ಟುವ ಕೆಲಸಕ್ಕೆ ಹೈದರಾಬಾದು ಒಂದು ಕಾಲದಲ್ಲಿ ದೇಶದ ದೊಡ್ಡ ಕಾರ್ಯಾಗಾರವಾಗಿತ್ತು. ೧೯೧೭ರಲ್ಲಿ ಏರ್ಪಟ್ಟ ಅನುವಾದಶಾಖೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಉಪಯೋಗಕ್ಕಾಗಿ ವಿಜ್ಞಾನಶಾಸ್ತ್ರಗಳ ಪದಗಳನ್ನು ಉರ್ದುವಿನಲ್ಲಿ ಟಂಕಿಸಿತು. ಅಲ್ಲಿನ ವಹೀದುದ್ದೀನ್ ಸಲೀಂ ಅವರು ಪದರಚನೆಯ ತತ್ತ್ವವನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಅರಬ್ಬೀ ಪಾರಸಿಗಳ ಮಡಿಯನ್ನು ಸಡಲಿಸಿ ದೇಶೀಯ ಅಂಶಗಳನ್ನೂ ಬೆರಸಬೇಕೆಂದು ವಾದಿಸಿದರು. ಇದೇ ಪ್ರಶ್ನೆ ಕನ್ನಡದಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಆಗ ಮಾನ್ಯಖೇಟದಲ್ಲಿ, ಎಂದರೆ ಮುಂದೆ ನಿಜಾಮರ ರಾಜ್ಯಕ್ಕೆ ಸೇರಿದ ಮಳಖೇಡದಲ್ಲಿ, ಕವಿರಾಜಮಾರ್ಗಕಾರನು ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿದ. ಕೇಶಿರಾಜನು ಅಂಥದನ್ನು ಅರಿಸಮಾಸವೆಂದು ಕರೆದು, ಕೆಲವು ಕಡೆ ಮಾತ್ರ ಪೂರ್ವಪ್ರಯೋಗದ ಬಲದಿಂದ ವಿನಾಯಿತಿ ಕೊಟ್ಟ. ಈ ತೂಕದಲ್ಲಿ ‘ಆಕಾಶವಾಣಿ’ಯೂ ನಿರ್ದೋಷ, ‘ಬಾನುಲಿ’ಯೂ ನಿರ್ದೋಷ, ‘ಬಾನುಲಿ ಕೇಂದ್ರ’, ‘ಬಾನುಲಿ ನಾಟಕ’ಗಳು ಸದೋಷ. ಆದರೆ ಜನರು ಆ ಸದೋಷವಾದವನ್ನೇ ಆಡಿ ಆಡಿ ರೂಢಿಗೆ ತಂದರು. ‘ಮಣಿ’ಯನ್ನು ಸಂಸ್ಕೃತವೆಂದು ಎಣಿಸುವುದಾದರೆ ಮಣಿಕೊಂಡವೆಂಬ ಹೆಸರೂ ಅರಿಸಮಾಸವೇ. ಹಾಲು ಒಡೆದರೂ ಊರು ಒಡೆಯಲಿಲ್ಲ.

೫

ಪದ ಬದಲಾದಾಗ ಅಧಿಕಾರ ಬದಲಾದದ್ದು ಕೇಳಿಸುತ್ತದೆ. ಹೈದರಾಬಾದಿನ ಹಿರಿಯ ತಲೆಮಾರಿಗೆ ಇದು ಅನುಭವದ ಮಾತು. ಡೆಕ್ಕನ್ ರೇಡಿಯೋದಲ್ಲಿ ಉರ್ದುವಿಗೆ ಅಗ್ರಸ್ಥಾನವಿತ್ತು. ರಾಜ್ಯದ ಬಹುಸಂಖ್ಯಾತರ ಭಾಷೆಗಳಾದ ತೆಲುಗು ಮರಾಠಿ ಕನ್ನಡಗಳಿಗೆ ಸಿಕ್ಕದ್ದು ಉಳಿದ ಹೊತ್ತು. ೧೯೪೮ರ ಸೆಪ್ಟೆಂಬರ್ ೧೭ರಂದು ಪೋಲೀಸ್ ಕಾರ್ಯಾಚರಣೆ ಮುಗಿದಾಗ ನಿಜಾಮರು ತಮ್ಮ ಪ್ರಜೆಗಳಿಗೆ ಆ ಸುದ್ದಿಯನ್ನು ಹೇಳಿದ್ದು ರೇಡಿಯೋದ ಮೂಲಕವೇ. ೧೯೫೦ರ ಏಪ್ರಿಲ್ ೧ರಂದು ಮೈಸೂರಿನ ಆಕಾಶವಾಣಿಯ ಜೊತೆಯಲ್ಲಿಯೇ ಹೈದರಾಬಾದಿನ ನಿಲಯವೂ ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. ಒಂದೇ ದಿನ ಎರಡು ಸಂಸ್ಥಾನಗಳ ಧ್ವನಿಗಳು ಒಂದಾದುವು. ಆಮೇಲೆ ಆರೇಳು ವರ್ಷಗಳಲ್ಲಿ ನಶ್ರ್‌ಗಾಹ್ ಇದ್ದ ಊರಿನಲ್ಲಿ ಮೈಸೂರಿನ ಪದ ಮೊಳಗತೊಡಗಿತು. ಬೀದರ, ಗುಲ್ಬರ್ಗ, ರಾಯಚೂರುಗಳ ಕನ್ನಡಿಗರು ೧೯೫೬ರಲ್ಲಿ ಕನ್ನಡ ರಾಜ್ಯವನ್ನು ಸೇರಿದರು. ಹೈದರಾಬಾದಿನಲ್ಲಿ ಉಳಿದ ಕನ್ನಡಿಗರು ತವರಿನ ಪದವನ್ನು ತೆಲುಗಿನ ಬಾಯಿಂದ ಕೇಳತೊಡಗಿದರು. ನಶ್ರ್ ಹೋಗಿ ಆಕಾಶವಾಣಿ ಬಂದದ್ದು ಅವರಿಗೆ ಸಂತೋಷವನ್ನು ತಂದಿರಬಹುದು. ಆದರೆ ಉರ್ದುವನ್ನು ಮನೆಮಾತಾಗಿ ಉಳ್ಳವರಿಗೆ ಅದೇ ಬದಲಾವಣೆ ಹೇಗೆ ಕೇಳಿಸಿರಬೇಕೆಂಬುದನ್ನು ಊಹಿಸಲಾರದವನು ತಮಿಳರ ಆಕ್ಷೇಪವನ್ನೂ ಅರಿಯಲಾರ.

ಆ ಆಕ್ಷೇಪ ಹಳೆಯದು. ೨೦೨೩ರಲ್ಲಿ ಹೊಸದಾಗಿ ಎದ್ದಿತು. ೧೯೯೦ರ ಪ್ರಸಾರ ಭಾರತಿ ಕಾಯಿದೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿಗೆ ಶಾಸನದ ಆಧಾರವಿದೆಯೆಂದು ಹೇಳಿ, ಇನ್ನು ಮುಂದೆ ಇಂಗ್ಲಿಷಿನಲ್ಲಿಯೂ ಆಲ್ ಇಂಡಿಯಾ ರೇಡಿಯೋ ಎನ್ನದೆ ಆಕಾಶವಾಣಿಯೆಂದೇ ಹೇಳತಕ್ಕದ್ದೆಂದು ಆ ವರ್ಷದ ಮೇ ತಿಂಗಳಲ್ಲಿ ಆಜ್ಞೆಯಾಯಿತು. ತಮಿಳುನಾಡಿನ ಹಲವು ಪಕ್ಷಗಳ ನಾಯಕರು ಇದನ್ನು ಹಿಂದಿಯ ಹೇರಿಕೆಯೆಂದು ಖಂಡಿಸಿದರು. ಕನ್ನಡಿಗನಿಗೆ ಇಲ್ಲಿ ಎರಡು ಸುಲಭವಾದ ಉತ್ತರಗಳಿವೆ. ‘ಅದು ಹಿಂದಿಯಲ್ಲ, ಸಂಸ್ಕೃತ, ಅದರಲ್ಲಿಯೂ ಮೈಸೂರಿನದು’ ಎಂದು ನಗುವುದು ಒಂದು. ‘ತಮಿಳರಂತೆ ಕನ್ನಡಿಗರೂ ಬಾನುಲಿಯೊಂದನ್ನೇ ಹಿಡಿಯಬೇಕು’ ಎಂದು ಗುಡುಗುವುದು ಇನ್ನೊಂದು. ಎರಡೂ ಶಬ್ದದ ಕುಲವನ್ನು ಮಾತ್ರ ನೋಡುವ ಉತ್ತರಗಳು.

ಶಬ್ದದ ಕುಲವನ್ನು ಬಿಟ್ಟು ಅದರ ನಡವಳಿಕೆಯನ್ನು ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ. ಮರಾಠಿಯ ‘ನಭೋವಾಣಿ’ಯೂ ಸಂಸ್ಕೃತವೇ, ಅದನ್ನು ಹೇರಿಕೆಯೆಂದು ಯಾರೂ ದೂರಲಿಲ್ಲ, ಏಕೆಂದರೆ ಮರಾಠಿಗರೇ ಅದನ್ನು ಬಳಕೆಗೆ ತಂದುಕೊಂಡರು, ‘ನಭೋನಾಟ್ಯ’ ಮುಂತಾದ ಮಕ್ಕಳನ್ನೂ ಅದು ಹೆತ್ತಿತು. ಮೈಸೂರಿನಲ್ಲಿ ‘ಆಕಾಶವಾಣಿ’ ಹೀಗೆಯೇ ಬೇಕೆಂದು ತಂದುಕೊಂಡ ಪದವಾಗಿತ್ತು. ಬೇಕೆಂದು ತಂದುಕೊಂಡದ್ದು ಎರವಲಾದರೂ ಸ್ವಂತ; ಆಜ್ಞೆಯಿಂದ ಬಂದದ್ದು ಸ್ವಂತವಾಗಿದ್ದರೂ ಹೊರೆ. ತಮಿಳರ ಆಕ್ಷೇಪದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅದರ ತಿರುಳಿನಲ್ಲಿ, ಪದ ಮೇಲಿನಿಂದ ಬರುತ್ತಿದೆಯೆಂಬ ದೂರಿನಲ್ಲಿ, ಆ ಪದದ ಪುರಾಣಾರ್ಥವೇ ಪ್ರತಿಧ್ವನಿಸುತ್ತದೆ. ಎದುರುತ್ತರವಿಲ್ಲದ ವಾಣಿಗೆ ಎದುರುತ್ತರ ಕೊಟ್ಟವರು ಅವರು. ಮೈಸೂರಿನ ಹೆಸರೊಂದು ಆಜ್ಞೆಯ ಹೆಸರಾದುದಕ್ಕಾಗಿ ನೊಂದುಕೊಳ್ಳಬೇಕಾದವರಲ್ಲಿ ಕನ್ನಡಿಗರು ಮೊದಲಿಗರು.

೬

ಹಾಗಾದರೆ ಕನ್ನಡಕ್ಕೆ ತನ್ನದೆಂದು ಹೇಳಿಕೊಳ್ಳಲು ಏನುಳಿಯಿತು? ಸದ್ದಿಲ್ಲದೆ ಕೆಲಸ ಮಾಡಿದ ಮೂರನೆಯ ಪದವೊಂದಿದೆ: ‘ಬಿತ್ತರ’, ‘ಬಿತ್ತರಿಸು’. ಸಂಸ್ಥೆಯ ಹೆಸರಲ್ಲ ಇದು, ಕ್ರಿಯೆಯ ಹೆಸರು. ಪ್ರಸಾರಕ್ರಿಯೆಗೆ ಮಲೆಯಾಳದಲ್ಲಿ ‘ಪ್ರಕ್ಷೇಪಣ’ವೆನ್ನುತ್ತಾರೆ, ಎಂದರೆ ಎಸೆಯುವುದು, ತಮಿಳಿನಲ್ಲಿ ‘ಒಲಿಪರಪ್ಪು’, ದನಿಯನ್ನು ಹರಡುವುದು, ತೆಲುಗಿನಲ್ಲಿಯೂ ಕನ್ನಡದ ಕಚೇರಿಭಾಷೆಯಲ್ಲಿಯೂ ‘ಪ್ರಸಾರ’. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಮೂಲತಃ ಬೇಸಾಯದ ಮಾತು. ರೇಡಿಯೋ ಹುಟ್ಟುವುದಕ್ಕೆ ಬಹಳ ಹಿಂದೆ, ೧೮ನೆಯ ಶತಮಾನದಲ್ಲಿಯೇ, ಅದು ಬೀಜವನ್ನು ಕೈಯಿಂದ ಹೊಲದ ಉದ್ದಗಲಕ್ಕೂ ಎರಚಿ ಬಿತ್ತುವುದಕ್ಕೆ ಹೆಸರಾಗಿತ್ತು.

ಕನ್ನಡದ ‘ಬಿತ್ತರ’ ವ್ಯಾಕರಣದ ಪ್ರಕಾರ ಸಂಸ್ಕೃತದ ‘ವಿಸ್ತರ’ದ ತದ್ಭವ, ವಕಾರ ಬಕಾರವಾಗಿ, ಸ್ತಕಾರ ತ್ತಕಾರವಾಗಿ ಬಂದ ರೂಪ. ಹಳೆಯ ಕಾವ್ಯಗಳಲ್ಲಿ ಬಿತ್ತರಿಸುವುದೆಂದರೆ ವಿವರಿಸುವುದು. ಆದರೆ ರೈತನ ಮಗನ ಕಿವಿ ಆ ಪದದಲ್ಲಿ ‘ಬಿತ್ತು’ವನ್ನು ಕೇಳದೆ ಇರಲಾರದು. ಈ ‘ಬಿತ್ತು’ ಅಚ್ಚ ದ್ರಾವಿಡ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದು ‘ವಿತ್ತು’. ಎರಡು ಪದಗಳಿಗೆ ಕುಲದಲ್ಲಿ ಸಂಬಂಧವಿಲ್ಲ. ಕಿವಿಯಲ್ಲಿ ಮಾತ್ರ ಅವು ಕೂಡಿಕೊಂಡಿವೆ. ಹೀಗೆ ಸಂಸ್ಕೃತದ ವಿಸ್ತಾರವೂ ಹೊಲದ ಬೀಜವೂ ಒಂದೇ ಉಚ್ಚಾರದಲ್ಲಿ ಸೇರಿ, ಇಂಗ್ಲಿಷ್ ಪದದ ಮರೆತುಹೋದ ಮೂಲಾರ್ಥವನ್ನು ಅನುವಾದಿಸದೆಯೇ ಅನುವಾದಿಸಿಬಿಟ್ಟವು. ಯಾವ ಸಮಿತಿಯೂ ಕುಳಿತು ಇಂಥ ಪದವನ್ನು ಟಂಕಿಸಲಾರದು. ಭಾಷೆಯೇ ತನ್ನ ಆಕಸ್ಮಿಕಗಳಿಂದ ಕೊಡುವ ಸಂಪತ್ತಿದು.

ಅರ್ಥದ ದೃಷ್ಟಿಯಿಂದಲೂ ಈ ಪದ ಆಕಾಶವಾಣಿಯ ಕೊರತೆಯನ್ನು ತುಂಬುತ್ತದೆ. ವಾಣಿಯಲ್ಲಿ ಕೇಳುವವನು ವಿಧೇಯ. ಬಿತ್ತನೆಯಲ್ಲಿ ಅವನು ನೆಲ. ಕೂರಿಗೆಯಿಂದ ಸಾಲುಹಿಡಿದು ಬಿತ್ತುವವನಿಗೆ ಬೀಜ ಎಲ್ಲಿ ಬಿತ್ತೆಂಬುದು ತಿಳಿಯುತ್ತದೆ. ಎರಚಿ ಬಿತ್ತುವವನಿಗೆ ತಿಳಿಯದು. ಕೆಲವು ಕಲ್ಲಿನ ಮೇಲೆ ಬೀಳುತ್ತವೆ, ಕೆಲವನ್ನು ಹಕ್ಕಿ ತಿನ್ನುತ್ತದೆ, ಕೆಲವು ಅವನು ನೆನೆಯದ ಮೂಲೆಯಲ್ಲಿ ಮೊಳೆಯುತ್ತವೆ. ಬೆಳೆ ಬರುವುದೂ ಬಾರದಿರುವುದೂ ಬೀಜದ ಗುಣವನ್ನು ಅವಲಂಬಿಸಿದಷ್ಟೇ ನೆಲದ ಗುಣವನ್ನೂ ಅವಲಂಬಿಸಿರುತ್ತದೆ. ನುಡಿಯುವವನಿಗೆ ವಿನಯವನ್ನೂ ಕೇಳುವವನಿಗೆ ಹೊಣೆಯನ್ನೂ ಕಲಿಸುವ ಪದವಿದು.

ಹೊರನಾಡ ಕನ್ನಡಿಗನ ಸ್ಥಿತಿಗೂ ಇದಕ್ಕಿಂತ ಹತ್ತಿರವಾದ ಉಪಮೆ ಸಿಕ್ಕದು. ಮಣಿಕೊಂಡದ ಬಹುಮಹಡಿಗಳಲ್ಲಿ ನೆಲಸಿದ ಕನ್ನಡ ಮನೆಗಳು ಯಾರೂ ಸಾಲುಹಿಡಿದು ಬಿತ್ತಿದವಲ್ಲ. ಉದ್ಯೋಗದ ಗಾಳಿಗೆ ಹಾರಿಬಂದು ಬಿದ್ದ ಕಾಳುಗಳು. ಈಗ ಅಲ್ಲಿ ಕುಳಿತು ಮೈಸೂರು ಧಾರವಾಡಗಳ ನಿಲಯಗಳನ್ನು ಕೈಯೊಳಗಿನ ಫೋನಿನಲ್ಲಿಯೇ ಕೇಳಬಹುದು. ಆ ದನಿ ಬಹುದೂರ ನೆಲದಡಿಯ ತಂತಿಯಲ್ಲಿಯೇ ಹರಿದು ಬರುವುದರಿಂದ ‘ನಿಸ್ತಂತು’ವಾಗಲಿ ‘ಲಾಸಿಲ್ಕಿ’ಯಾಗಲಿ ಈಗ ವಾಚ್ಯಾರ್ಥದಲ್ಲಿ ಸತ್ಯವಲ್ಲ, ‘ಆಕಾಶ’ವೂ ಅರ್ಧಸತ್ಯ. ‘ಬಿತ್ತರ’ ಮಾತ್ರ ದಾರಿ ಯಾವುದಾದರೂ ಸತ್ಯವಾಗಿಯೇ ಉಳಿಯುತ್ತದೆ, ಏಕೆಂದರೆ ಅದು ದಾರಿಯ ಹೆಸರಲ್ಲ, ತಲಪುವಿಕೆಯ ಹೆಸರು.

ಆದುದರಿಂದ ‘ಆಕಾಶವಾಣಿ’ ಯಾರದೆಂಬ ವಾದದಲ್ಲಿ ಮಣಿಕೊಂಡದ ಕನ್ನಡಿಗನು ತೆಲುಗು ನೆರೆಯವರಿಗೆ ಸೋಲುವುದರಿಂದ ಯಾವ ನಷ್ಟವೂ ಇಲ್ಲ. ಕಸ್ತೂರಿಯವರ ಹೆಸರಿನ ಪಕ್ಕದಲ್ಲಿ ಶರ್ಮರ ಹೆಸರನ್ನೂ ಇಟ್ಟು, ಗೋಪಾಲಸ್ವಾಮಿಯವರ ಮನೆಯನ್ನು ಇಬ್ಬರಿಗೂ ಸಾಕ್ಷಿಯಾಗಿ ತೋರಿಸಿದರೆ ಸಾಕು. ನಷ್ಟವಾಗುವುದು ಬೇರೆ ರೀತಿಯಿಂದ: ಪದದ ಹುಟ್ಟಿನ ಬಗ್ಗೆ ಹೆಮ್ಮೆಪಡುತ್ತ, ಮನೆಯ ಮಕ್ಕಳ ಬಾಯಲ್ಲಿ ‘ಬಾನುಲಿ’ಯೂ ‘ಬಿತ್ತರ’ವೂ ಇಲ್ಲದಂತಾದರೆ. ಭಾರತಕ್ಕೆ ಕೊಟ್ಟ ಪದದ ಕೀರ್ತಿ ಮೈಸೂರಿಗೆ ಹೇಗೂ ಉಳಿಯುತ್ತದೆ. ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಪದಗಳನ್ನು ಕಾಯಿದೆಯೂ ಕಾಯದು, ಇತಿಹಾಸವೂ ಕಾಯದು. ಅವುಗಳನ್ನು ಆಡುವವರು ಬೇಕು.